ಘಾಟಿನ ಕೆಮ್ಮು

ಹೋದ ತಿಂಗಳು ಬ್ಯಾಡಗಿಯ ಒಂದು ಸಭಾಭವನದಲ್ಲಿ ಒಬ್ಬ ಮನುಷ್ಯ ಮೈಕು ಹಿಡಿದು, ಎದುರು ಕೂತ ಹೆಣ್ಣುಮಕ್ಕಳಿಗೆಲ್ಲ, ‘ಹಸಿದಿದ್ದರೆ ಸಾಕು, ನಿಮ್ಮ ಜೀವಕೋಶಗಳೇ ರೋಗಾಣುಗಳನ್ನು ತಿಂದು ಮುಗಿಸುತ್ತವೆ’ ಎಂದ. ಇದಕ್ಕೆ ಆಟೋಫ್ಯಾಜಿ ಎನ್ನುತ್ತಾರೆ ಎಂದ. ಹಿಂದಿನ ಪರದೆಯ ಮೇಲೆ ಆ ಶಬ್ದ ಹಳದಿ ಅಕ್ಷರಗಳಲ್ಲಿ ಮಿನುಗಿತು. ಗುಳಿಗೆ, ಇಂಜೆಕ್ಷನ್ ಎಲ್ಲ ಔಷಧ ಕಂಪನಿಗಳ ಆಟವಂತೆ. ವಾರದಲ್ಲಿ ನಾಲ್ಕು ದಿನ ಉಪವಾಸವಿದ್ದರೆ ಕ್ಷಯದಂಥ ಕ್ಷಯವೂ ಗಂಟುಮೂಟೆ ಕಟ್ಟುತ್ತದಂತೆ. ಜನ ಚಪ್ಪಾಳೆ ತಟ್ಟಿದರು. ನೆಂಟರ ಮನೆಗೆ ಬಂದವಳು ಅವರ ಮಹಿಳಾ ಸಂಘದ ಕಾರ್ಯಕ್ರಮವೆಂದು ಸುಮ್ಮನೆ ಜೊತೆಗೆ ಹೋಗಿ ಮೂರನೆಯ ಸಾಲಿನಲ್ಲಿ ಕೂತಿದ್ದೆ. ಕೇಳುತ್ತ ಕೇಳುತ್ತ ನನಗೆ ಸಿಟ್ಟೇರಿತು.

ಆ ಸಿಟ್ಟಿನಲ್ಲಿ ಅರ್ಧ ಅವನ ಮೇಲಿನದು. ಉಳಿದರ್ಧ ನನ್ನ ಮೇಲಿನದು. ಅದೇ ಮಾತನ್ನು, ಅದೇ ಊರಿನಲ್ಲಿ, ಅವನಿಗಿಂತ ಎಷ್ಟೋ ವರ್ಷ ಮೊದಲು ಹೇಳಿದವಳು ನಾನು. ನನ್ನ ಮಾತು ಕೇಳಿದವಳು ಒಬ್ಬಳೇ ಒಬ್ಬಳು, ಗಂಗವ್ವ. ಕಿಟಕಿಯಿಂದ ಮಾರುಕಟ್ಟೆಯ ಮೆಣಸಿನಕಾಯಿ ಘಾಟು ಒಳಗೆ ನುಗ್ಗಿ ಅರ್ಧ ಸಭೆ ಕೆಮ್ಮುತ್ತಿತ್ತು. ಆ ಕೆಮ್ಮಿನ ನಡುವೆ ನನಗೆ ಅವಳ ಕೆಮ್ಮು ಕೇಳಿದಂತಾಯಿತು.

ಅದು ಎರಡು ಸಾವಿರದ ಐದರ ಚಳಿಗಾಲ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ರಾಣೆಬೆನ್ನೂರಿನ ಮನೆಯಲ್ಲಿ ಕೂತು, ಉತ್ತರವೇ ಬಾರದ ಅರ್ಜಿಗಳನ್ನು ಬರೆಯುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಬ್ಯಾಡಗಿಯ ಒಂದು ಸಣ್ಣ ಧರ್ಮಾರ್ಥ ದವಾಖಾನೆಯಲ್ಲಿ ಕಫ ಪರೀಕ್ಷೆ ಮಾಡುವ ಒಂದು ವರ್ಷದ ಕೆಲಸ. ಆ ದವಾಖಾನೆ ಈಗ ಇಲ್ಲ, ಅದರ ಜಾಗದಲ್ಲಿ ಗೋದಾಮು ಇದೆ. ಸರಕಾರದ ಕ್ಷಯ ಕಾರ್ಯಕ್ರಮದ ಗುಳಿಗೆಗಳು ಅಲ್ಲಿಗೂ ಬರುತ್ತಿದ್ದವು. ನನಗೊಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಬಣ್ಣದ ಮೂರು ಬಾಟಲಿ, ಒಂದು ಸ್ಪಿರಿಟ್ ದೀಪ. ಬೆಳಿಗ್ಗೆಯ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆ. ನಿಲ್ದಾಣ ಬರುವ ಮೊದಲೇ ಡಬ್ಬಿಯಲ್ಲಿ ಒಬ್ಬೊಬ್ಬರಾಗಿ ಕೆಮ್ಮಲು ಶುರುಮಾಡುತ್ತಿದ್ದರು, ಊರು ಬಂತೆಂದು ಅದರಿಂದಲೇ ತಿಳಿಯುತ್ತಿತ್ತು.

ಸುಗ್ಗಿಯಲ್ಲಿ ಬ್ಯಾಡಗಿಗೆ ಬೇರೆ ಬಣ್ಣವೇ ಇರುವುದಿಲ್ಲ. ಮಾರುಕಟ್ಟೆಯ ಅಂಗಳದಲ್ಲಿ, ಗೋದಾಮುಗಳ ಮುಂದೆ, ರಸ್ತೆಯ ಬದಿಗೆ, ಎಲ್ಲಿ ನೋಡಿದರೂ ಕೆಂಪು ರಾಶಿ. ಶೆಡ್ಡುಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು, ಸೆರಗು ಮೂಗಿಗೆ ಬಿಗಿದು, ಹೊತ್ತು ಮುಳುಗುವವರೆಗೆ ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಅಂಗೈ ಉರಿಗೆ ಎಣ್ಣೆ, ಕಣ್ಣಿನ ಉರಿಗೆ ತಣ್ಣೀರು. ಕೆಮ್ಮಿಗೆ ಮಾತ್ರ ಏನೂ ಇಲ್ಲ. ಬ್ಯಾಡಗಿಯಲ್ಲಿ ಕೆಮ್ಮು ಒಂದು ಕಾಯಿಲೆಯೇ ಅಲ್ಲ. ಕೆಲಸದವರನ್ನು ನೋಡಿಕೊಳ್ಳುವ ಶೆಡ್ಡಿನ ಮುಕಾದಮ ‘ಘಾಟಿನ ಕೆಮ್ಮು’ ಅನ್ನುತ್ತಿದ್ದ, ದಲಾಲಿಯ ಮೇಲೆ ಕಾಯಿ ಮಾರಿಸುವ ಅಡತಿ ಅಂಗಡಿಯ ಮಾಲಿಕನೂ ಅದನ್ನೇ ಅನ್ನುತ್ತಿದ್ದ, ಕೆಮ್ಮುವವಳೂ ಅದನ್ನೇ ಅನ್ನುತ್ತಿದ್ದಳು. ನನಗೆ ಇವತ್ತಿಗೂ ಮೈ ಉರಿಯುವುದು ಇಲ್ಲೇ. ಖಾರ ಕಮ್ಮಿ, ಬಣ್ಣ ಜಾಸ್ತಿ ಎಂದು ದೇಶವೆಲ್ಲ ಹೊಗಳುವ ಕಾಯಿ ಅದು. ಊರಿನ ಎಲ್ಲ ಎದೆಗಳ ಎಲ್ಲ ಕೆಮ್ಮಿನ ಆರೋಪವನ್ನು ತಂದು ಆ ಬಡಪಾಯಿ ಕಾಯಿಯ ತಲೆಗೆ ಕಟ್ಟಿ ಎಲ್ಲರೂ ಕೈ ತೊಳೆದುಕೊಂಡಿದ್ದರು.

ನಮ್ಮ ಡಾಕ್ಟರೂ ಅವರಲ್ಲಿ ಒಬ್ಬರು. ಕೆಟ್ಟವರಲ್ಲ, ದಣಿದವರು. ಕೆಮ್ಮುವ ಹೆಣ್ಣುಮಗಳು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕೈ ಸಿರಪ್ ಬರೆದಿರುತ್ತಿತ್ತು.

ಗಂಗವ್ವ ಡಿಸೆಂಬರಿನಲ್ಲಿ ಬಂದಳು. ಗುತ್ತಲದ ಹತ್ತಿರದ ಹಳ್ಳಿಯವಳು, ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಪ್ರತಿ ಸುಗ್ಗಿಗೆ ಬ್ಯಾಡಗಿಯಲ್ಲಿದ್ದ ತಂಗಿ ನೀಲವ್ವನ ಮನೆಯಲ್ಲಿ ಉಳಿಯುತ್ತಿದ್ದಳು, ಇಬ್ಬರೂ ಒಂದೇ ಶೆಡ್ಡಿನಲ್ಲಿ ತೊಟ್ಟು ಬಿಡಿಸುತ್ತಿದ್ದರು. ಎರಡು ಬಾಟಲಿ ಸಿರಪ್ ಮುಗಿಸಿ ಮೂರನೆಯದಕ್ಕೆ ಬಂದಾಗ ಡಾಕ್ಟರು ಬೇಸರದಿಂದ ಅವಳನ್ನು ನನ್ನ ಕೋಣೆಗೆ ಕಳಿಸಿದರು. ಕಫ ಕೊಡಲು ಪುಟ್ಟ ಡಬ್ಬಿ ಕೊಟ್ಟೆ. ನಿಯಮದಂತೆ ಮೂರು ಸಲ ಕೊಟ್ಟಳು. ಮೂರೂ ಸಲ ನೋಡಿದೆ, ಒಂದು ಕೀಟಾಣುವೂ ಇಲ್ಲ. ‘ನೆಗೆಟಿವ್’ ಎಂದು ಬರೆದೆ. ಡಾಕ್ಟರು, ‘ನಾ ಹೇಳಿರಲಿಲ್ಲೇನು?’ ಎಂದು ನಕ್ಕರು.

ಜನವರಿಯಲ್ಲಿ ಮತ್ತೆ ಬಂದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದವು. ಸೆರಗಿನ ತುದಿಯಲ್ಲಿ ಕಂದು ಕಲೆ. ಅದುವರೆಗೆ ಯಾರೂ ಕೇಳದ ಪ್ರಶ್ನೆಯನ್ನು ನಾನು ಆ ದಿನ ಕೇಳಿದೆ.

“ಗಂಗವ್ವಾ, ಕೆಮ್ಮು ಯಾವಾಗ ಚಾಲೂ ಆತು?”

“ದಸರಾಕ್ಕ ಊರಾಗ ಇದ್ದಾಗ್ಲೇ ಹತ್ತಿತ್ರಿ ಅಕ್ಕಾರ.”

“ಊರಾಗ ಎಲ್ಲಿಂದ ಬರ್ಬೇಕ್ರೀ ಘಾಟು?”

ಅವಳು ನನ್ನ ಮುಖವನ್ನೇ ನೋಡಿದಳು. “ಹೌದಲ್ರೀ,” ಎಂದಳು. “ಅದನ್ನ ನಾನೂ ವಿಚಾರ ಮಾಡಿದ್ದಿಲ್ಲ ನೋಡ್ರಿ.”

ಕಫ ಬಳಿದು ಪರೀಕ್ಷೆ ಮಾಡಿದ ಗಾಜುಗಳನ್ನು ಮರುಪರಿಶೀಲನೆಗೆಂದು ಕೂಡಿಡುವುದು ರೂಢಿ. ಅವಳ ಮೂರು ಗಾಜುಗಳನ್ನು ಹೊರತೆಗೆದು ಮತ್ತೆ ಕಣ್ಣಿಗಿಟ್ಟೆ. ಕೀಟಾಣು ಇರಲಿಲ್ಲ, ಅದು ನಿಜ. ಮ್ಯಾಕ್ರೋಫೇಜ್ ಕೂಡ ಇರಲಿಲ್ಲ. ಪುಪ್ಪುಸದ ಕಾವಲು ಕೋಶಗಳವು. ಎದೆಯಾಳದಿಂದ ಬಂದ ಕಫದಲ್ಲಿ ಅವು ಇರಲೇಬೇಕು, ತೊಟ್ಟು ಬಿಡಿಸುವವರ ಕಫದಲ್ಲಂತೂ ಧೂಳು ನುಂಗಿ ಊದಿಕೊಂಡಿರುತ್ತವೆ. ಇಲ್ಲಿ ಇದ್ದದ್ದು ಕೆನ್ನೆಯ ಒಳಗಿನ ಚಪ್ಪಟೆ ಕೋಶಗಳು ಮಾತ್ರ. ಮೂರು ಸಲವೂ ಅವಳು ಕೊಟ್ಟದ್ದು ಬಾಯಿಯ ಎಂಜಲು. ನನಗೆ ನಾಚಿಕೆಯಾಯಿತು. ಧಾರವಾಡದ ಗುರುಗಳು ಕಳಿಸಿದ್ದ ಝೆರಾಕ್ಸ್ ಹಾಳೆಗಳಲ್ಲಿ ಇದೇ ಮ್ಯಾಕ್ರೋಫೇಜುಗಳ ಬಗ್ಗೆ ರೈಲಿನಲ್ಲಿ ದಿನವೂ ಓದುತ್ತಿದ್ದ ಪಂಡಿತೆ ನಾನು. ಕಣ್ಣೆದುರಿನ ಗಾಜಿನಲ್ಲಿ ಅವು ಇಲ್ಲ ಎಂಬುದೇ ನನಗೆ ಕಂಡಿರಲಿಲ್ಲ.

“ಖರೇ ಹೇಳ್ರಿ, ಎದಿಯಿಂದ ಕೆಮ್ಮಿ ತಗದಿದ್ರೇನು?” ಎಂದು ಕೇಳಿದೆ.

ಗಂಗವ್ವ ಬಾಗಿಲ ಕಡೆ ನೋಡಿದಳು. ಹೊರಗಿನ ಜಗುಲಿಯಲ್ಲಿ ಗಂಡಸರು ಸರದಿಯಲ್ಲಿ ಕೂತಿದ್ದರು. ಕಫದ ಡಬ್ಬಿ ಹಿಡಿದು ನಾವು ಎಲ್ಲರನ್ನೂ ನಿಲ್ಲಿಸುತ್ತಿದ್ದದ್ದು ಅದೇ ಜಗುಲಿಯಲ್ಲಿ. “ಅಷ್ಟು ಮಂದಿ ಮುಂದ ಹೆಣ್ಮಕ್ಕಳು ಸಪ್ಪಳ ಮಾಡಿ ಕ್ಯಾಕರಿಸಿದ್ರ ಏನಂದಾರ್ರೀ? ನಮ್ಮವ್ವ ಸಣ್ಣಾಕಿದ್ದಾಗಿಂದ ಬೈಕೋತ ಬೆಳಿಸ್ಯಾಳ. ಬಾಯಾಗಿಂದಷ್ಟು ಹಾಕಿ ಕೊಟ್ಟೆ.”

ಊರಿನ ಗಂಡಸರು ಹಾದಿಬೀದಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಊಟದ ಹೋಟೆಲಿನ ಬಾಗಿಲಲ್ಲಿ ಗಂಟಲು ಹರಿಯುವಂತೆ ಕ್ಯಾಕರಿಸಿ ಉಗುಳುತ್ತಿದ್ದರು, ಅದನ್ನು ಕಂಡು ಯಾರೂ ಹುಬ್ಬೇರಿಸುತ್ತಿರಲಿಲ್ಲ. ಎದೆಯೊಳಗೆ ಸಾವು ಕೂತಿದ್ದ ಹೆಣ್ಣುಮಗಳು ಮಾತ್ರ ಮರ್ಯಾದೆ ಕಾಯಬೇಕಿತ್ತು. ಆ ವರ್ಷದ ನನ್ನ ದಾಖಲೆ ಪುಸ್ತಕವನ್ನು ತಿರುವಿ ನೋಡಿದೆ. ಹೆಂಗಸರ ಹೆಸರಿನ ಮುಂದೆಲ್ಲ ನೆಗೆಟಿವ್, ನೆಗೆಟಿವ್, ನೆಗೆಟಿವ್. ಅವರಲ್ಲಿ ಎಷ್ಟು ಜನ ನನಗೆ ಎಂಜಲು ಕೊಟ್ಟು ಮನೆಗೆ ಹೋಗಿದ್ದರೋ, ಹೋಗಿ ಏನಾದರೋ ನನಗೆ ಗೊತ್ತಿಲ್ಲ.

ಅವಳನ್ನು ದವಾಖಾನೆಯ ಹಿಂದೆ, ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಮೋಟುಗೋಡೆ ಮತ್ತು ಎರಡು ಆಡು ಬಿಟ್ಟರೆ ಯಾರೂ ಇರಲಿಲ್ಲ. ಉಸಿರು ಒಳಗೆಳೆದು, ಹಿಡಿದು, ಹೊಟ್ಟೆಯಿಂದ ಕೆಮ್ಮಬೇಕು ಎಂದೆ. ಅವಳು ಬೆಕ್ಕಿನ ಮರಿಯಷ್ಟು ಸದ್ದು ಮಾಡಿದಳು. ಕೊನೆಗೆ ನಾನೇ ಸೊಂಟಕ್ಕೆ ಕೈಯಿಟ್ಟು, ಎಂ.ಎಸ್ಸಿ. ಮರೆತು, ಲಾರಿ ಡ್ರೈವರನಂತೆ ಕ್ಯಾಕರಿಸಿ ತೋರಿಸಿದೆ. ಆಡುಗಳು ಬೆದರಿ ಓಡಿದವು. ಗಂಗವ್ವ ನಕ್ಕಳು, ನಗುತ್ತ ಕೆಮ್ಮಿದಳು, ಕೆಮ್ಮಿನ ಜೊತೆ ಅವಳ ಎದೆಯ ತಳದಿಂದ ಏನೋ ಕಿತ್ತುಕೊಂಡು ಬಂತು. ಡಬ್ಬಿಯೊಳಗೆ ನೋಡಿದೆ. ಹಳದಿ, ಗಟ್ಟಿ, ರಕ್ತದ ಎಳೆ.

ಗಾಜಿನ ಮೇಲೆ ಆ ದಿನ ಕಂಡದ್ದು ಮರೆಯುವಂಥದ್ದಲ್ಲ. ನೀಲಿ ಹಿನ್ನೆಲೆ, ಅದರಲ್ಲಿ ಊದಿದ ಮ್ಯಾಕ್ರೋಫೇಜುಗಳು, ಅವುಗಳ ಒಳಗೂ ಹೊರಗೂ ಕೆಂಪು ಕಡ್ಡಿಗಳು. ಎಲ್ಲಿ ಸರಿಸಿದರೂ ಕಡ್ಡಿಗಳೇ. ಗಂಗವ್ವನನ್ನು ಕರೆದು ತೋರಿಸಿದೆ. ರೋಗಿಗೆ ತೋರಿಸುವ ಪದ್ಧತಿ ಇಲ್ಲ, ಆದರೂ ತೋರಿಸಿದೆ.

“ಕೆಂಪಗ ಅದಾವಲ್ರೀ. ನಮ್ಮ ಕಾಯಿ ಚೂರನ ಹೊಕ್ಕೊಂಡು ಕುಂತಾವ!”

“ಕಾಯಿ ಅಲ್ಲರಿ. ಕೆಂಪು ನಾ ಹಾಕಿದ ಬಣ್ಣ. ಇವು ಕ್ಷಯದ ಕೀಟಾಣು.”

ಬೇರೆ ಯಾರಾದರೂ ಅತ್ತಿರುತ್ತಿದ್ದರು. ಅವಳು ಮತ್ತೆ ಬಗ್ಗಿ ನೋಡಿದಳು. “ಈ ದೊಡ್ಡ ದೊಡ್ಡ ನೀಲಿವು ಏನ್ರಿ? ಅವುಗಳ ಹೊಟ್ಯಾಗ ಯಾಕ ಹೊಕ್ಕಾವ?” ಎಂದು ಕೇಳಿದಳು.

ನನ್ನ ಓದಿನ ಬಗ್ಗೆ ಆ ಊರಿನಲ್ಲಿ ಯಾರೂ ಏನೂ ಕೇಳಿರಲಿಲ್ಲ. ಇವಳು ಕೇಳಿದ್ದೇ ತಡ, ನಾನು ಶುರುವಾದೆ. ಕಾವಲು ಕೋಶ ಕೀಟಾಣುವನ್ನು ನುಂಗುತ್ತದೆ, ನುಂಗಿದ್ದು ಒಂದು ಚೀಲದಲ್ಲಿ ಕೂರುತ್ತದೆ. ಆ ಚೀಲ ಜೀರ್ಣರಸ ತುಂಬಿದ ಇನ್ನೊಂದು ಚೀಲದ ಜೊತೆ ಕೂಡಿದರೆ ಒಳಗಿದ್ದದ್ದು ಕರಗಿಹೋಗುತ್ತದೆ. ಕ್ಷಯದ ಕೀಟಾಣು ಮೋಸ ಮಾಡುವುದು ಅಲ್ಲೇ. ಎರಡು ಚೀಲ ಕೂಡದಂತೆ ಅಡ್ಡಹಾಕಿ, ತನ್ನನ್ನು ಕೊಲ್ಲಬೇಕಾದ ಕೋಶದ ಹೊಟ್ಟೆಯಲ್ಲೇ ಬೆಚ್ಚಗೆ ಕೂತು ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ. ಆದರೆ ಕೋಶದ ಬಳಿ ಇನ್ನೊಂದು ದಾರಿ ಇದೆ. ಹಳತಾದ, ಕೆಟ್ಟುಹೋದ ತನ್ನದೇ ಸಾಮಾನುಗಳ ಸುತ್ತ ಎರಡು ಪದರದ ಹೊಸ ಪೊರೆ ಹೆಣೆದು, ಮೂಟೆ ಕಟ್ಟಿ, ಒಯ್ದು ಜೀರ್ಣರಸಕ್ಕೆ ಸುರಿಯುತ್ತದೆ. ತನ್ನನ್ನು ತಾನೇ ತಿನ್ನುವ ಈ ಕೆಲಸವೇ ಆಟೋಫ್ಯಾಜಿ. ಅದೇ ಮೂಟೆಯಲ್ಲಿ ಅಡಗಿ ಕೂತ ಕೀಟಾಣುವನ್ನೂ ಕಟ್ಟಿ ಒಯ್ಯಬಲ್ಲದು ಎಂಬುದು ಆಗ ಹೊಚ್ಚ ಹೊಸ ಸುದ್ದಿ. ನನ್ನ ಝೆರಾಕ್ಸ್ ಹಾಳೆಗಳ ತುಂಬ ಅದೇ ಇತ್ತು.

ಇದನ್ನೆಲ್ಲ ನನ್ನ ಮುರುಕು ಮಾತಿನಲ್ಲಿ ಹೇಳಿದಾಗ ಗಂಗವ್ವ ತಲೆಯಾಡಿಸಿದಳು. “ತಿಳೀತ್ರಿ. ಬೂಷ್ಟು ಹಿಡಿದ ಕಾಯಿ ಸಿಕ್ರ ಅದನ್ನೊಂದ ಹೆಕ್ಕಿ ಒಗಿಯೂದಿಲ್ಲ ನಾವು. ಸುತ್ತಲಿಂದು ಚಲೋ ಕಾಯೂ ಒಂದ್ ಬೊಗಸಿ ತಗದು ಒಗೀತೇವಿ. ಹಂಗಲ್ರೀ?”

ಹೌದು, ಹಾಗೆಯೇ. ಅದಕ್ಕಿಂತ ಚೆನ್ನಾಗಿ ನನ್ನ ಗುರುಗಳೂ ಹೇಳಿರಲಿಲ್ಲ. ನನಗೆ ಸಂತೋಷ ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹುರುಪಿನಲ್ಲಿ, “ಗಾಜಿನ ತಟ್ಟ್ಯಾಗ ಆ ಕೋಶಗಳನ್ನ ಹಸಿವಿ ಇಟ್ರ ಈ ಕೆಲಸ ಇನ್ನೂ ಜೋರ್ ಮಾಡ್ತಾವಂತ್ರಿ” ಎಂದೆ.

“ಹಸಿವಿ ಇಟ್ರ?”

“ಹೂಂ.”

ಅಷ್ಟರಲ್ಲಿ ಡಾಕ್ಟರು ಕರೆದರು, ಎದ್ದು ಹೋದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯ ಹಸಿವು ಬೇರೆ, ಹೊಟ್ಟೆಯ ಹಸಿವು ಬೇರೆ ಎಂಬ ಒಂದು ಮಾತು ನನ್ನ ಬಾಯಲ್ಲೇ ಉಳಿಯಿತು.

ಮರುದಿನದಿಂದ ಚಿಕಿತ್ಸೆ. ಒಬ್ಬೊಬ್ಬ ರೋಗಿಗೆ ಒಂದೊಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಪೂರ್ತಿ ಅವಧಿಯ ಗುಳಿಗೆ. ಮೇಲೆ ನಾನೇ ದಪ್ಪ ಅಕ್ಷರದಲ್ಲಿ ‘ಗಂಗವ್ವ’ ಎಂದು ಬರೆದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಬಂದು ನನ್ನೆದುರೇ ನುಂಗಿ ಹೋಗಬೇಕು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅವಳಿಗೊಂದೇ ಅವಸರ. “ಮುಕಾದಮಗ ಗೊತ್ತಾಗೂದ್ರೊಳಗ ಇದು ಹೋಗ್ಬೇಕ್ರಿ. ಗೊತ್ತಾದ್ರ ಸಾಲಿನಾಗ ಕುಂದ್ರಸೂದಿಲ್ಲ” ಎನ್ನುತ್ತಿದ್ದಳು. ಮೆಣಸಿನಕಾಯಿಯ ಕೆಮ್ಮು ಎಷ್ಟಾದರೂ ಇರಲಿ, ಸಾಲಿನಲ್ಲಿ ಕೂರಬಹುದು. ಅದಕ್ಕೆ ಕ್ಷಯವೆಂದು ಹೆಸರು ಬಂದ ದಿನ ಎದ್ದು ಹೋಗಬೇಕು. ಆ ಊರಿನ ನ್ಯಾಯ ಇದಾಗಿತ್ತು.

ಕೆಮ್ಮು ತುಸು ತಗ್ಗಿತು. ತೂಕ ಏರಲಿಲ್ಲ. ಫೆಬ್ರುವರಿಯಲ್ಲಿ ಇಳಿಯಿತು, ಮಾರ್ಚಿನಲ್ಲಿ ಇನ್ನಷ್ಟು ಇಳಿಯಿತು. ಎರಡು ತಿಂಗಳ ಕೊನೆಗೆ ಕಫ ನೋಡಿದರೆ ಕೆಂಪು ಕಡ್ಡಿಗಳು ಇನ್ನೂ ಇದ್ದವು. ಹೊರಗೆ ಹೋಗಿ ಗುಳಿಗೆ ಉಗುಳುತ್ತಾಳೆಂದು ನಾನು ಅನುಮಾನಿಸಿದೆ, ಬಾಯಿ ತೆರೆಸಿಯೂ ನೋಡಿದೆ. ಅವಳು ಸುಮ್ಮನೆ ಬಾಯಿ ತೆರೆದಳು.

ಒಂದು ಶುಕ್ರವಾರ ಮಧ್ಯಾಹ್ನ ಶೆಡ್ಡಿಗೇ ಹೋದೆ. ಊಟದ ಹೊತ್ತು. ಹೆಂಗಸರು ಗುಂಪಾಗಿ ಕೂತು ಬುತ್ತಿ ಬಿಚ್ಚಿದ್ದರು. ಖಡಕ್ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ. ಗಂಗವ್ವ ಮಾತ್ರ ಗೋಡೆಗೆ ಮುಖ ಮಾಡಿ ತೊಟ್ಟು ಬಿಡಿಸುತ್ತಲೇ ಇದ್ದಳು.

“ಅಕಿ ಉಣ್ಣೂದಿಲ್ಲೇನು?” ಎಂದು ನೀಲವ್ವನನ್ನು ಕೇಳಿದೆ.

“ಇವತ್ತ ಶುಕ್ರವಾರ ಅಲ್ರೀ. ಗುಳಿಗಿ ದಿವಸೆಲ್ಲ ಉಪಾಸ. ಶನಿವಾರ ಹಣಮಪ್ಪಂದು ಮೊದಲಿಂದೂ ಐತಿ. ಒಂದ್ ಕಪ್ ಚಾದ ಮ್ಯಾಲ ಇರ್ತಾಳ,” ಎಂದಳು ನೀಲವ್ವ. “ನೀವ ಹೇಳೀರಂತಲ್ರೀ ಅಕ್ಕಾರ?”

ನಾನು ಗಂಗವ್ವನ ಎದುರು ಕುಕ್ಕರಗಾಲಿನಲ್ಲಿ ಕೂತೆ. ಯಾರು ಹೇಳಿದರು ನಿನಗೆ ಹೀಗೆ ಮಾಡಲು ಎಂದು ಚೀರಿದೆನೆಂದು ಕಾಣುತ್ತದೆ, ಸಾಲಿನವರೆಲ್ಲ ತಿರುಗಿದರು.

ಅವಳಿಗೆ ಆಶ್ಚರ್ಯ. ಶಿಕ್ಷಕರೆದುರು ಪಾಠ ಒಪ್ಪಿಸುವ ಹಾಗೆ ಮೆಲ್ಲಗೆ ಹೇಳಿದಳು: “ಹಸಿವಿ ಇಟ್ರ ಒಳಗಿನವು ಜೋರ್ ತಿಂತಾವ ಅಂದಿದ್ರಲ್ರೀ. ಹೊರಗಿಂದ ಗುಳಿಗಿ, ಒಳಗಿಂದ ಹಸಿವಿ. ಎಲ್ಡೂ ಕಡಿಂದ ಹೊಡದ್ರ ಲಗೂ ಸಾಯ್ತಾವ ಅನ್ಕೊಂಡ್ನಿ.”

ದಡ್ಡತನದಿಂದ ಮಾಡಿದ ತಪ್ಪಲ್ಲ ಅದು. ನನ್ನ ಅರ್ಧ ಮಾತನ್ನು ಪೂರ್ತಿ ನಂಬಿ, ನನಗಿಂತ ಶಿಸ್ತಿನಿಂದ ತನ್ನ ಮೈಮೇಲೆ ಪ್ರಯೋಗ ಮಾಡಿದ್ದಳು. ಸಾಲಿನವರಿಗೆ ಕೇಳದಂತೆ ದನಿ ತಗ್ಗಿಸಿ, ಹಾಗಲ್ಲ ಎಂದು ತಿಳಿಸಿ ಹೇಳಿದೆ. ತಟ್ಟೆಯೊಳಗಿನ ಕೋಶಕ್ಕೆ ಕೆಲವೇ ತಾಸು ಆಹಾರ ತಪ್ಪಿಸುವುದು ಬೇರೆ. ತಿಂಗಳುಗಟ್ಟಲೆ ಹಸಿದ ಮೈಯಲ್ಲಿ ಹೊಸ ಕಾವಲು ಕೋಶಗಳೇ ಹುಟ್ಟುವುದು ಕಮ್ಮಿ, ಹುಟ್ಟಿದವಕ್ಕೆ ಮೂಟೆ ಕಟ್ಟಲು ಶಕ್ತಿಯಿಲ್ಲ. ಕ್ಷಯಕ್ಕೆ ಬೇಕಾದದ್ದೇ ಹಸಿದ ಎದೆ. ಅವಳು ಕೊನೆಯವರೆಗೆ ಕೇಳಿ, “ಇದನ್ನ ಅವತ್ತ ಯಾಕ ಹೇಳಲಿಲ್ರೀ?” ಎಂದಳು. ದೂರುವ ದನಿಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ನೀಲವ್ವನ ಬುತ್ತಿಯಿಂದಲೇ ಅರ್ಧ ರೊಟ್ಟಿ ತಿಂದಳು. ಅಂದಿನಿಂದ ನಾನು ಮನೆಯಿಂದ ಮೊಟ್ಟೆ, ಶೇಂಗಾ ಉಂಡೆ ಒಯ್ದು ಗುಳಿಗೆಯ ಜೊತೆಗೇ ತಿನ್ನಿಸುತ್ತಿದ್ದೆ. ಸೋಮವಾರ ಮೊಟ್ಟೆ ಬೇಡವೆಂದು ಜಗಳವಾಡುತ್ತಿದ್ದಳು, ಉಂಡೆ ತಿನ್ನುತ್ತಿದ್ದಳು. ಇತ್ತ ಹಾವೇರಿಯ ಬಸ್ಸು ಹತ್ತಿ ಹೋಗಿ, ಈ ಹೆಂಗಸರಿಗೆ ಗುಳಿಗೆಯ ಜೊತೆ ಊಟಕ್ಕೂ ಏನಾದರೂ ಮಾಡಿ ಎಂದು ಜಿಲ್ಲಾ ಕ್ಷಯ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಕೇಳಿದೆ. ಊಟಕ್ಕೆ ಕಾಲಮ್ಮು ಇಲ್ಲ ಎಂದರು ಒಬ್ಬರು, ನಮೂನೆಯ ಹಾಳೆ ತೋರಿಸಿ. ನಿಜ, ಇರಲಿಲ್ಲ.

ಏಪ್ರಿಲ್ ಹೊತ್ತಿಗೆ ರಾಶಿಗಳು ಕರಗಿದವು. ಕಳೆದುಕೊಂಡ ತೂಕ ಮರಳುವ ಮೊದಲೇ ಸುಗ್ಗಿ ಮುಗಿದು ಗಂಗವ್ವ ಊರಿಗೆ ಹೊರಟಳು. ಪೆಟ್ಟಿಗೆ, ಚೀಟಿ ಎಲ್ಲ ಕೊಟ್ಟು, ಊರಿನ ನರ್ಸಮ್ಮನ ಕೈಯಿಂದ ತಗೋ ಎಂದೆ. “ಮುಂದಿನ ಸುಗ್ಗಿಗೆ ಬರ್ತೇನಲ್ರೀ, ಆಗ ಜೋರಾಗಿ ಕ್ಯಾಕರಿಸಿ ತೋರಸ್ತೇನಿ” ಎಂದು ನಗಾಡಿ ಟೆಂಪೋ ಹತ್ತಿದಳು.

ಮಳೆ ಹಿಡಿದ ಜುಲೈ. ನೀಲವ್ವ ಒದ್ದೆ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಅದೇ ರಟ್ಟಿನ ಪೆಟ್ಟಿಗೆ. ನನ್ನ ಅಕ್ಷರದಲ್ಲಿ ಗಂಗವ್ವ ಎಂಬ ಹೆಸರು.

“ಹೋದ ವಾರ ಹೋದ್ಲರೀ ಅಕ್ಕ. ಒಂದೂ ಗುಳಿಗಿ ತಪ್ಪಿಸಿಲ್ರಿ. ಉಳದದ್ದು ಸರಕಾರದ್ದು, ಅಕ್ಕಾರಿಗೆ ಕೊಟ್ಟ ಬಾ ಅಂದಿದ್ಲು.”

ತೆರೆದು ನೋಡಿದೆ. ಅವಳು ಸತ್ತ ದಿನದವರೆಗಿನ ಗುಳಿಗೆ ಪಟ್ಟಿಗಳು ಖಾಲಿ. ಮುಂದಿನವು ಹಾಗೇ ಇದ್ದವು, ಒಂದೂ ಸುಕ್ಕಾಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆಟೋಫ್ಯಾಜಿಯ ವಿಷಯ ಬಹಳ ಬೆಳೆಯಿತು. ಕೀಟಾಣು ತನ್ನ ಚೀಲವನ್ನು ಹರಿದಾಗ ಕೋಶ ಅದಕ್ಕೆ ಗುರುತು ಅಂಟಿಸಿ, ಗುರುತು ನೋಡಿ ಮೂಟೆ ಕಟ್ಟುತ್ತದೆ ಎಂದು ಓದಿದೆ. ತಟ್ಟೆಯಲ್ಲಿ ಕಂಡಷ್ಟು ಸರಳವಾಗಿ ಅದು ಜೀವಂತ ಮೈಯಲ್ಲಿ ನಡೆಯುವುದಿಲ್ಲ ಎಂದೂ ಓದಿದೆ. ಓದುವಾಗೆಲ್ಲ ಆ ಪೆಟ್ಟಿಗೆ ನೆನಪಾಗುತ್ತಿತ್ತು. ನಾನು ಉಂಡ ಹೊಟ್ಟೆಯಲ್ಲಿ ಕೂತು ಓದುತ್ತಿದ್ದೆ.

ಸಭಾಭವನದ ಮನುಷ್ಯನೂ ಉಂಡು ಬಂದವನೇ. ಅವನ ಮುಂದೆ ಗೋಡಂಬಿಯ ತಟ್ಟೆ ಇತ್ತು. ನಾನು ಎದ್ದು ನಿಂತೆ.

“ಪ್ರಶ್ನೆಗಳು ಕೊನೆಗೆ, ತಾಯಿ,” ಎಂದ.

“ಪ್ರಶ್ನೆ ಅಲ್ಲರಿ. ನೀವು ಹೇಳಿದ್ದು ಮಾಡಿ ಒಬ್ಬಾಕಿ ಸತ್ತಾಳ. ಇದ ಊರಾಗ ಅಕಿಗೆ ಹೇಳಿದಾಕಿ ನಾನ.”

ಮೈಕು ಕುಂಯ್ಯೆಂದಿತು. ಯಾರೋ ನನ್ನ ಸೆರಗು ಜಗ್ಗಿದರು. ಕ್ಷಯ ಇದ್ದವರು ಗುಳಿಗೆ ಬಿಡಬೇಡಿ, ಹೊಟ್ಟೆ ತುಂಬ ಉಣ್ಣಿ ಎಂದು ನಾನು ಕೂಗಿ ಹೇಳುತ್ತಿರುವಾಗಲೇ ಸಂಘದ ಅಧ್ಯಕ್ಷೆ ಭಜನೆ ಹಚ್ಚಿಸಿದರು. ಹೆಂಗಸರು ನನ್ನನ್ನು ಮರುಕದಿಂದ ನೋಡಿದರು, ಕೆಲವರು ಮುಖ ತಿರುಗಿಸಿದರು. ನಾನು ಕೂತೆ.

ಪಕ್ಕದ ಕುರ್ಚಿಯಲ್ಲಿ ಮೂವತ್ತರ ಹೆಣ್ಣುಮಗಳೊಬ್ಬಳು ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಸದ್ದು ಹೊರಬರದಂತೆ ಭುಜವನ್ನೆಲ್ಲ ಬಿಗಿಹಿಡಿದಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿದ್ದವು.

“ಎಷ್ಟ್ ದಿವಸ ಆತವಾ?”

“ಏನಿಲ್ರಿ,” ಎಂದು ನಕ್ಕಳು. “ಘಾಟಿನ ಕೆಮ್ಮರೀ.”

ಅವಳ ಕೈ ಹಿಡಿದು ಎಬ್ಬಿಸಿದೆ. ಭಜನೆಯ ನಡುವೆ, ಕುರ್ಚಿಗಳ ಸಾಲು ದಾಟಿ, ಭವನದ ಹಿಂದಿನ ಬಯಲಿಗೆ ಕರೆದುಕೊಂಡು ಹೋದೆ. ಚಹಾ ಮಾಡುವವನ ಬಳಿ ಮುಚ್ಚಳವಿದ್ದ ಸಣ್ಣ ಡಬ್ಬಿಯೊಂದು ಸಿಕ್ಕಿತು, ತೊಳೆದು ಅವಳ ಕೈಗೆ ಕೊಟ್ಟೆ. ಇದನ್ನು ಈಗಲೇ ಸರಕಾರಿ ದವಾಖಾನೆಗೆ ಒಯ್ಯೋಣ, ನಾನೂ ಬರುತ್ತೇನೆ ಎಂದೆ. ಉಸಿರು ಎಳೆದುಕೊಂಡು ಹೊಟ್ಟೆಯಿಂದ ಕೆಮ್ಮು ಎಂದೆ. ಅವಳು ಭವನದ ಕಿಟಕಿಗಳ ಕಡೆ ನೋಡಿ ಹಿಂಜರಿದಳು.

“ಒಳಗಿನವರಿಗೆ ಕೇಳಸ್ತದರೀ.”

“ಕೇಳಲಿ,” ಎಂದೆ. “ಇನ್ನೂ ಜೋರಾಗಿ ಕ್ಯಾಕರಿಸು.”